ಲಾರಿ ಲೀಸಿಗೆ ತಗೊಳ್ಳುವ ಡ್ರೈವರ್‌ಗಳೇ, ಮೊದಲು ಆರ್‌ಸಿಯ ಹಿಂಬದಿ ನೋಡಿ

ದಾವಣಗೆರೆ, ಚಿತ್ರದುರ್ಗ ಕಡೆಯ ಡ್ರೈವರ್ ಅಣ್ಣತಮ್ಮಂದಿರೇ, ಯಾರಾದರೂ ಈ ವಾರ ಲೀಸ್ ಅಗ್ರಿಮೆಂಟಿಗೆ ಸಹಿ ಹಾಕಬೇಕು ಅಂತಿದ್ದರೆ ಎರಡು ದಿನ ತಡೀರಿ. ಇದನ್ನು ಓದಿ ಆಮೇಲೆ ಯೋಚನೆ ಮಾಡಿ. ಬರೆಯೋದೇ ಬೇಡ ಅಂದುಕೊಂಡಿದ್ದೆ. ನಾಚಿಕೆ ಆಗುತ್ತದೆ. ಹದಿನಾಲ್ಕು ವರ್ಷ ಸ್ಟೇರಿಂಗ್ ಹಿಡಿದವನು ಆರ್‌ಸಿಯ, ಅಂದರೆ ಗಾಡಿಯ ನೋಂದಣಿ ಕಾರ್ಡಿನ, ಒಂದು ಜೆರಾಕ್ಸ್ ಕಾಗದ ನಂಬಿ ಕೆಟ್ಟೆ ಅಂತ ಹೇಳಿಕೊಳ್ಳೋಕೆ ಯಾರಿಗೆ ಬಾಯಿ ಬರುತ್ತದೆ? ಆದರೆ ನಿನ್ನೆ ಎಪಿಎಂಸಿ ಹತ್ತಿರ ಟೀ ಕುಡಿಯುವಾಗ ಗೊತ್ತಾಯ್ತು, ನನಗೆ ಲಾರಿ ಲೀಸಿಗೆ ಕೊಟ್ಟ ಅದೇ ಮನುಷ್ಯ ಇನ್ನೊಂದು ಲಾರಿಗೆ ಇನ್ನೊಬ್ಬ ಹುಡುಗನನ್ನು ಹಿಡಿದಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ದೀಪಾವಳಿ ಸಮಯ. ಮೆಕ್ಕೆಜೋಳದ ಸೀಜನ್. ಎಪಿಎಂಸಿ ಯಾರ್ಡಿನಲ್ಲಿ ಲೋಡಿಗೆ ಲಾರಿ ಸಾಲದು ಅನ್ನುವ ಹೊತ್ತು. ನಾನು ಆಗ ಸಂಬಳಕ್ಕೆ ಓಡಿಸುತ್ತಿದ್ದೆ. ಪಿ.ಬಿ. ರಸ್ತೆಯಲ್ಲಿ ಟ್ರಾನ್ಸ್‌ಪೋರ್ಟ್ ಆಫೀಸ್ ಇಟ್ಟುಕೊಂಡಿರುವ ಒಬ್ಬರು ಕರೆದು ಕೂರಿಸಿ ಹೇಳಿದರು, "ಎಷ್ಟು ವರ್ಷ ಅಂತ ಇನ್ನೊಬ್ಬರ ಗಾಡಿ ಓಡಿಸ್ತೀಯಪ್ಪಾ? ನಂದೊಂದು ಟೆನ್ ವೀಲರ್ ಐತಿ, 2016ರ ಮಾಡೆಲ್. ಒಂದೂವರೆ ಲಕ್ಷ ಅಡ್ವಾನ್ಸ್ ಕೊಡು, ತಿಂಗಳಿಗೆ 45,000 ಕೊಡು. ಮೂರು ವರ್ಷ ಆದ್ಮೇಲೆ ಗಾಡಿ ನಿಂದೇ."

ಈ ಕೊನೇ ಮಾತು ಇದೆಯಲ್ಲ, ಗಾಡಿ ನಿಂದೇ ಅನ್ನೋದು, ಅದೇ ನನ್ನನ್ನು ಕೆಡಿಸಿದ್ದು. ಮೂವತ್ತಾರು ತಿಂಗಳಿಗೆ 16,20,000, ಅಡ್ವಾನ್ಸ್ ಸೇರಿ 17,70,000. ಅದೇ ವರ್ಷದ ಗಾಡಿ ಬ್ರೋಕರ್ ಹತ್ತಿರ ಹನ್ನೊಂದು ಲಕ್ಷಕ್ಕೆ ನಿಂತಿತ್ತು. ಈ ಲೆಕ್ಕ ನಾನು ಹಾಕಿದ್ದು ಎಲ್ಲ ಮುಗಿದ ಮೇಲೆ.

ಲೀಸ್ ಅಂದರೆ ಎಲ್ಲಾ ಕೆಟ್ಟದ್ದೇ ಅಂತ ನಾನು ಹೇಳುತ್ತಿಲ್ಲ. ಬ್ಯಾಂಕಿಗೆ ಅಲೆಯಬೇಕಿಲ್ಲ, ಸಾಲಕ್ಕೆ ಜಾಮೀನು ಹುಡುಕಬೇಕಿಲ್ಲ, ಸೀಜನ್ನಿನಲ್ಲಿ ನಾಲ್ಕು ಕಾಸು ಕೈಗೆ ಹತ್ತುತ್ತದೆ. ಮೊದಲ ಎರಡು ತಿಂಗಳು ನನಗೂ ಹತ್ತಿತು. ತಮಿಳುನಾಡಿನ ನಾಮಕ್ಕಲ್‌ನ ಕೋಳಿ ಫಾರಂಗಳ ಕಡೆ ನಮ್ಮ ಜೋಳ ಹೋಗುತ್ತದೆ, ನಿಮಗೆ ಗೊತ್ತೇ ಇದೆ. ಹೋಗುವ ಬಾಡಿಗೆ 34,000, ರಿಟರ್ನ್ ಲೋಡ್ ಸಿಕ್ಕರೆ ಇನ್ನೊಂದು 20,000. ಹೋಗಿ ಬರೋಕೆ ಸಾವಿರ ಕಿಲೋಮೀಟರಿನ ಮೇಲೆ. ಲೋಡಿನಲ್ಲಿ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಹೆಚ್ಚು, ಹಾಗಾಗಿ ಡೀಸೆಲ್ಲಿಗೇ 23,000. ಟೋಲ್, ಕಮಿಷನ್, ಕ್ಲೀನರ್, ಊಟ ಎಲ್ಲಾ ಕಳೆದು 20,000 ಉಳಿಯುತ್ತಿತ್ತು. ತಿಂಗಳಿಗೆ ಐದು ಟ್ರಿಪ್ ಆದರೆ ಲಕ್ಷ. ಯುಗಾದಿ ಹೊತ್ತಿಗೆ ಲೋಡ್ ಬತ್ತಿತು. ಎರಡೇ ಟ್ರಿಪ್. 40,000 ದುಡಿದು 45,000 ಲೀಸ್ ಕಟ್ಟಿದೆ. ಗಾಡಿ ನಿಂತರೂ ಲೀಸ್ ನಿಲ್ಲಲ್ಲ.

ಇನ್ನೊಂದು ವಿಷಯ. ನಿನಗೆ ನೀನೇ ಸಾಹುಕಾರ ಅಂದವರು, ಲೋಡ್ ಮಾತ್ರ ಅವರ ಆಫೀಸಿಂದಲೇ ಎತ್ತಬೇಕು ಅಂತ ಅಗ್ರಿಮೆಂಟಿನಲ್ಲಿ ಬರೆಸಿದ್ದರು. ಅಂದರೆ ಲೀಸ್ ದುಡ್ಡೂ ಅವರಿಗೆ, ಕಮಿಷನ್ನೂ ಅವರಿಗೆ. ಟೈರ್, ಎಂಜಿನ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಟ್ಯಾಕ್ಸ್ ಎಲ್ಲಾ ನನಗೆ. ಮುಂದಿನ ಎರಡು ಟೈರ್ ಹೊಸದು ಹಾಕಿಸಿದೆ, 42,000. ಕ್ಲಚ್ ಪ್ಲೇಟ್ ಕೆಲಸ 18,000. ಗಾಡಿ ನನ್ನದಾಗುತ್ತದಲ್ಲ ಅಂತ ಒಳ್ಳೇ ಸಾಮಾನೇ ಹಾಕಿಸಿದೆ. ಸಂಬಳದ ಗಾಡಿಯಲ್ಲಿ ಮೇಸ್ತ್ರಿ ಹತ್ತಿರ ಇಷ್ಟೊಂದು ಕಾಳಜಿ ನಾನು ಯಾವತ್ತೂ ಮಾಡಿರಲಿಲ್ಲ.

ಈಗ ಆ ದಿನದ ಮಾತು. ಜೂನ್ ಮೊದಲ ವಾರ. ಗೋಡೌನ್ ಜೋಳ, 19 ಟನ್, ನಾಮಕ್ಕಲ್ಲಿಗೆ. ಹೆಬ್ಬಾಳು ಟೋಲ್ ದಾಟಿ, ಚಿತ್ರದುರ್ಗ ದಾಟಿ, ಗುಯಿಲಾಳು ಟೋಲ್ ಇನ್ನೂ ಮುಂದಿತ್ತು. ಸಣ್ಣ ಮಳೆ. ಹಗ್ಗ ಬಿಗಿ ಮಾಡೋಕೆ ಸೈಡಿಗೆ ಹಾಕಿದೆ. ಒಂದು ಕಾರು ಬಂದು ಮುಂದೆ ಅಡ್ಡ ನಿಂತಿತು. ನಾಲ್ಕು ಜನ ಇಳಿದರು. ಆರ್‌ಟಿಓ ಅವರಲ್ಲ, ಪೊಲೀಸರಲ್ಲ. ಒಬ್ಬ ಮೊಬೈಲಿನಲ್ಲಿ ಗಾಡಿ ನಂಬರ್ ಹೊಂದಿಸಿ ನೋಡಿ, "ಐದು ಕಂತು ಬಾಕಿ ಐತಣ್ಣಾ, ಗಾಡಿ ಯಾರ್ಡಿಗೆ ಹೋಗಬೇಕು" ಅಂದ.

ಯಾವ ಕಂತು? ನಾನು ಏಳು ತಿಂಗಳು ಒಂದು ರೂಪಾಯಿ ಬಿಡದೆ ಕಟ್ಟಿದ್ದೇನೆ. ಒಟ್ಟು 3,15,000. ಫೋನ್‌ಪೇ ತೆಗೆದು ತೋರಿಸಿದೆ. ಆ ಹುಡುಗ ಪಾಪ ಸಮಾಧಾನವಾಗೇ ಹೇಳಿದ, "ನೀವು ಅವರಿಗೆ ಕಟ್ಟೀರಿ, ಅವರು ನಮಗೆ ಕಟ್ಟಿಲ್ಲ." ಆರ್‌ಸಿ ಜೆರಾಕ್ಸ್ ತೆಗೆದು ಕೊಟ್ಟೆ, ಇದರಲ್ಲಿ ಎಲ್ಲಿದೆ ಸಾಲ ಅಂದೆ. ಅವನು ಕಾಗದ ತಿರುಗಿಸಿದ. ಹಿಂದೆ ಖಾಲಿ. "ಅಣ್ಣಾ, ಇದು ಒಂದೇ ಬದಿ ಜೆರಾಕ್ಸು" ಅಂದು ತನ್ನ ಹತ್ತಿರ ಇದ್ದ ಕಾಪಿಯಲ್ಲಿ ಬೆರಳಿಟ್ಟು ತೋರಿಸಿದ. ಕಾರ್ಡಿನ ಹಿಂಬದಿ, ಕೆಳಗಿನ ಸಾಲಿನಲ್ಲಿ, ಗಾಡಿ ಮೇಲೆ ಸಾಲ ಕೊಟ್ಟ ಫೈನಾನ್ಸ್ ಕಂಪನಿ ಹೆಸರು. ಬಂದವರು ಆ ಕಂಪನಿ ಕಡೆಯವರು.

ಏಳು ತಿಂಗಳು ಆ ಒಂದು ಬದಿಯ ಕಾಗದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಲೆ ಮೇಲೆ ಸಿಕ್ಕಿಸಿಕೊಂಡು ಓಡಾಡಿದ್ದೇನೆ. ಒಂದು ಸಲ ತಿರುಗಿಸಿ ನೋಡಲಿಲ್ಲ. ಎಫ್‌ಸಿ ನೋಡಿದೆ, ಇನ್ಶೂರೆನ್ಸ್ ನೋಡಿದೆ, ಪರ್ಮಿಟ್ ನೋಡಿದೆ. ಅದೊಂದು ನೋಡಲಿಲ್ಲ. ಒರಿಜಿನಲ್ ಆರ್‌ಸಿ ಕೇಳಿದಾಗ "ಆಫೀಸ್ನಾಗೆ ಭದ್ರವಾಗೈತಿ, ನಿನಗ್ಯಾಕೆ ಕಳಕೊಳ್ಳೋ ಚಿಂತೆ" ಅಂದಿದ್ದರು. ಹೌದಲ್ವಾ ಅಂತ ಸುಮ್ಮನಾದೆ.

ಅಲ್ಲಿಂದಲೇ ಟ್ರಾನ್ಸ್‌ಪೋರ್ಟ್ ಸಾಹುಕಾರರಿಗೆ ಫೋನ್ ಮಾಡಿದೆ. ಮೊದಲ ಮಾತು, "ಟೆನ್ಷನ್ ತಗೋಬೇಡಪ್ಪಾ, ಎರಡು ದಿನದಾಗೆ ಬಿಡಿಸ್ತೀನಿ." ಎರಡು ದಿನ ಹೋಗಿ ಎಂಟು ದಿನ ಆಯ್ತು. "ಸಾಹುಕಾರ್ರೇ, ನಾನು ಕೊಟ್ಟ ದುಡ್ಡು ಏನಾಯ್ತು?" ಅಂದರೆ, "ಕಂತು ನನ್ನ ವಿಷ್ಯ, ನೀನು ಓಡಿಸೋನು, ನಿನಗ್ಯಾಕೆ?" ಹೋಗಲಿ, ಅಡ್ವಾನ್ಸ್ ವಾಪಸ್ ಕೊಡಿ ಅಂದೆ. "ಮಾರ್ಚ್‌ನಾಗೆ ನಾಲ್ಕು ದಿನ ಲೇಟ್ ಮಾಡಿದ್ದೆಲ್ಲ, ಅಗ್ರಿಮೆಂಟ್ ಓದು, ಅಡ್ವಾನ್ಸ್ ಅದಕ್ಕೆ ಹೋಯ್ತು." ಟೈರ್ ದುಡ್ಡಾದರೂ ಕೊಡಿ ಅಂದೆ. ಅದಕ್ಕೆ ವಾಟ್ಸಾಪಿನಲ್ಲಿ ವಾಯ್ಸ್ ಕಳಿಸಿದರು, "ಹೊಸ ಟೈರ್ ಹಾಕು ಅಂತ ನಾನು ಹೇಳಿದ್ನಾ?" ಆ ವಾಯ್ಸ್ ಇನ್ನೂ ಅಳಿಸಿಲ್ಲ. ರಾತ್ರಿ ನಿದ್ದೆ ಬರದಿದ್ದಾಗ ಕೇಳುತ್ತೇನೆ. ನನ್ನನ್ನು ಮನೆ ಮಗ ಇದ್ದಂಗೆ ಅಂತ ಆಫೀಸಿನಲ್ಲಿ ಎಲ್ಲರ ಮುಂದೆ ಹೇಳಿದ್ದ ಅದೇ ದನಿ.

ಸ್ಟೇಷನ್ನಿಗೆ ಹೋದೆ. ದುಡ್ಡಿನ ವ್ಯವಹಾರ, ಕೋರ್ಟಿಗೆ ಹೋಗಿ ಅಂದರು. ಮೂರು ವರ್ಷಕ್ಕೆ ಗಾಡಿ ನಿಂದೇ ಅನ್ನುವ ಮಾತು ಅಗ್ರಿಮೆಂಟಿನಲ್ಲಿ ಒಂದು ಅಕ್ಷರ ಇಲ್ಲ. ಅಗ್ರಿಮೆಂಟ್ ಇಂಗ್ಲಿಷಿನಲ್ಲಿ ಇತ್ತು, ಛಾಪಾ ಕಾಗದ ಇತ್ತು, ಸಾಕ್ಷಿ ಇತ್ತು. ನಾನು ಓದಲಿಲ್ಲ. ನನ್ನ ಹೆಂಡತಿ ಸರ ಅಡ ಇಡೋಕೆ ಬಿಚ್ಚಿಕೊಡುವಾಗ ಕೇಳಿದ್ದಳು, "ರೀ, ಗಾಡಿ ನಿಮಗೆ ಆಗುತ್ತೆ ಅಂತ ಬರೆಸ್ಕೊಂಡ್ರಾ?" ಹೂಂ ಅಂದಿದ್ದೆ. ಸುಳ್ಳು ಹೇಳಿದ್ದೆ. ಸಾಹುಕಾರರ ಮುಂದೆ ಅದನ್ನು ಕೇಳೋಕೆ ಸಂಕೋಚ ಆಗಿತ್ತು, ಅಷ್ಟೇ.

ವಕೀಲರ ಹತ್ತಿರ ಹೋದಾಗ ಇನ್ನೂ ಭಯ ಆಯ್ತು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಲೀಸ್ ಅಗ್ರಿಮೆಂಟ್ ಮೇಲೆ ಗಾಡಿ ಇಟ್ಟುಕೊಂಡವನೂ ಮಾಲೀಕನ ಲೆಕ್ಕಕ್ಕೆ ಬರುತ್ತಾನಂತೆ. ಅಂದರೆ ಆಕ್ಸಿಡೆಂಟ್ ಆಗಿದ್ದರೆ ಕೇಸು ನನ್ನ ಮೇಲೂ ತಿರುಗುತ್ತಿತ್ತು. ಆದರೆ ಇನ್ಶೂರೆನ್ಸಿನಲ್ಲಿ ಮಾಲೀಕ-ಡ್ರೈವರ್‌ಗೆ ಅಂತ ಇರುವ 15 ಲಕ್ಷದ ಕವರ್ ಆರ್‌ಸಿಯಲ್ಲಿ ಹೆಸರಿರುವವರಿಗೆ. ಫೈನಾನ್ಸ್ ನೋಟಿಸೂ ಆರ್‌ಸಿ ಹೆಸರಿನವರಿಗೇ ಹೋಗುತ್ತದೆ. ಚಲನ್ ಮೆಸೇಜೂ ಅವರ ಮೊಬೈಲಿಗೇ. ಫಾಸ್ಟ್ಯಾಗೂ ಅವರ ಹೆಸರಲ್ಲೇ. ಹಿಂದಿನ ರಾತ್ರಿ ನಾನು ಹಾಕಿಸಿದ್ದ 5,000 ಅದರಲ್ಲೇ ಉಳಿದಿದೆ.

ತಗೊಳ್ಳಲೇಬೇಕು ಅನ್ನುವವರು ಆರ್‌ಸಿ ಎರಡೂ ಬದಿ ನೋಡಿ. ಫೈನಾನ್ಸ್ ಇದ್ದರೆ ಕಂತನ್ನು ನೀವೇ ನೇರವಾಗಿ ಅವರಿಗೆ ಕಟ್ಟುತ್ತೇನೆ ಅನ್ನಿ, ಒಪ್ಪದಿದ್ದರೆ ಎದ್ದು ಬನ್ನಿ. ಫೈನಾನ್ಸಿನವರ ಒಪ್ಪಿಗೆ ಪತ್ರ ಕೇಳಿ. ಅಗ್ರಿಮೆಂಟ್ ಕನ್ನಡದಲ್ಲಿ ಮಾಡಿಸಿ. ಗಾಡಿ ನಿಮ್ಮದಾಗುತ್ತೆ ಅಂದರೆ ಯಾವ ತಾರೀಖು ಅಂತ ಬರೆಸಿ. ಸಂಕೋಚ ಮಾಡಬೇಡಿ, ನನ್ನ ಹಾಗೆ ಸಂಕೋಚ ಮಾಡಬೇಡಿ.

ಆ ದಿನ ರಸ್ತೆ ಬದಿಯಲ್ಲೇ ಹಮಾಲರನ್ನು ಕರೆಸಿ ಜೋಳ ಬೇರೆ ಲಾರಿಗೆ ಹಾಕಿಸಿದರು. ಕೂಲಿ ನನ್ನ ಬಾಡಿಗೆಯಲ್ಲಿ ಹಿಡಿದರು. ಮೇಲಿನ ಚೀಲಗಳು ನೆನೆದಿದ್ದವು, ಅದನ್ನೂ ಹಿಡಿದರು. ಈಗ ಮತ್ತೆ ಸಂಬಳಕ್ಕೆ ಇದ್ದೇನೆ. ಸರ ಇನ್ನೂ ಅಡದಲ್ಲೇ ಇದೆ. ನನ್ನ ತಾಡಪಾಲು, ಎರಡು ಹಗ್ಗ, ಸ್ಟವ್, ಮಗಳು ಕನ್ನಡಿಗೆ ಕಟ್ಟಿದ್ದ ಕೆಂಪು ರಿಬ್ಬನ್, ಎಲ್ಲಾ ಆ ಗಾಡಿಯಲ್ಲೇ ಯಾರ್ಡಿನಲ್ಲಿವೆ. ಸಾಮಾನು ಬಿಡಿಸಿಕೊಳ್ಳೋಕೂ ಆರ್‌ಸಿ ಮಾಲೀಕರ ಸಹಿ ಬೇಕಂತೆ. ಅವರು ಈಗ ಫೋನ್ ಎತ್ತುತ್ತಿಲ್ಲ.