ಎಕ್ಸಾಸ್ಟ್ ಟ್ಯಾಪೆಟ್ ಟೈಟ್ ಮಾಡಿ ಮೈಲೇಜ್ ಹೆಚ್ಚಿಸ್ತೀವಿ ಅಂದರೆ ಒಪ್ಪಬೇಡಿ

ಬೈಕ್ ಸರ್ವಿಸ್‌ಗೆ ಬಿಟ್ಟಾಗ ಯಾರಾದರೂ "ಎಕ್ಸಾಸ್ಟ್ ಟ್ಯಾಪೆಟ್ ಸ್ವಲ್ಪ ಟೈಟ್ ಮಾಡ್ತೀನಿ, ಸೌಂಡೂ ಹೋಗುತ್ತೆ, ಮೈಲೇಜೂ ಜಾಸ್ತಿ ಬರುತ್ತೆ" ಅಂದರೆ ದಯವಿಟ್ಟು ಬೇಡ ಅನ್ನಿ. ಟ್ಯಾಪೆಟ್ ಅಂದರೆ ಎಂಜಿನ್ ವಾಲ್ವಿನ ಸಂದು ಕೂರಿಸೋ ಸ್ಕ್ರೂ, ಎಕ್ಸಾಸ್ಟ್ ಅಂದರೆ ಹೊಗೆ ಹೋಗೋ ಕಡೆಯದು. ನಮ್ಮ ಸಿಂಧನೂರು, ಮಸ್ಕಿ, ಕಾರಟಗಿ ಕಡೆ ಈ ಮಾತು ಆಗಾಗ ಕಿವಿಗೆ ಬೀಳುತ್ತೆ. ಕೇಳೋಕೆ ಚೆನ್ನಾಗಿರುತ್ತೆ. ಆದರೆ ನನ್ನ ಬೈಕಿನ ಎಂಜಿನ್ ಹೆಡ್ (ವಾಲ್ವ್ ಇರುವ ಮೇಲ್ಭಾಗ) ಬಿಚ್ಚಿಸೋ ಹಾಗೆ ಮಾಡಿದ್ದು ಇದೇ ಕೆಲಸ. ಬೇರೆಯವರಿಗೆ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ.

ನನ್ನದು ಬೀಜ-ಗೊಬ್ಬರದ ವ್ಯಾಪಾರ. ಭತ್ತದ ಹಂಗಾಮಿನಲ್ಲಿ ಕಾಲುವೆ ದಂಡೆ ಹಿಡಿದು ಕ್ಯಾಂಪುಗಳಿಗೆ (ರೈತರ ಸಣ್ಣ ಊರುಗಳಿಗೆ) ದಿನವೂ ಓಡಾಟ. 125 ಸಿಸಿ ಬೈಕ್, ಲೀಟರಿಗೆ 55ರ ಆಸುಪಾಸು ಕೊಡುತ್ತಿತ್ತು. ಗ್ಯಾರೇಜಿಗೆ ಬಿಟ್ಟಿದ್ದು ಆಯಿಲ್ ಬದಲಾಯಿಸೋಕೆ, ಚೈನ್ ಬಿಗಿ ಮಾಡೋಕೆ, ಅಷ್ಟೇ. ಟ್ಯಾಪೆಟ್ ಬಗ್ಗೆ ನಾನು ಏನೂ ಹೇಳಿರಲಿಲ್ಲ. ಸಂಜೆ ತರೋಕೆ ಹೋದಾಗ ಮೆಕ್ಯಾನಿಕ್ ಹುಡುಗ ಖುಷಿಯಿಂದ ಹೇಳಿದ: "ಅಣ್ಣಾರ, ಟ್ಯಾಪೆಟ್ ಭಾಳ ಸೌಂಡ್ ಬರ್ತಿತ್ರಿ. ಎಕ್ಸಾಸ್ಟ್ ಪೂರಾ ಟೈಟ್ ಮಾಡಿ ಸೌಂಡ್ ತೆಗದೀನಿ. ಇನ್ನ ಪಿಕಪ್ಪೂ ಬರ್ತೈತಿ, ಮೈಲೇಜೂ ಬರ್ತೈತಿ." ಯಾವ ಅಳತೆಗೆ ಕೂರಿಸಿದೆ ಅಂತ ಕೇಳಿದೆ. ಅಳತೆ ಏನಿಲ್ಲ, ಕೈಗೆ ಗೊತ್ತಾಗ್ತೈತಿ ಅಂದ. ಆ ಗ್ಯಾರೇಜಿನಲ್ಲಿ ಸಂದು ಅಳೆಯೋ ಫಿಲ್ಲರ್ ಗೇಜೇ ಇರಲಿಲ್ಲ ಅಂತ ಆಮೇಲೆ ತಿಳಿಯಿತು.

ಮೊದಲ ಕೆಲವು ವಾರ ಬೈಕ್ ನಿಜವಾಗಲೂ ನುಣ್ಣಗೆ ಓಡಿತು. ಟಕ್ ಟಕ್ ಸದ್ದು ಇಲ್ಲವೇ ಇಲ್ಲ. ಈ ನುಣುಪೇ ಜನ ಮೋಸ ಹೋಗುವ ಜಾಗ.

ಎಂಜಿನ್ ಒಳಗೆ ಏನಾಗುತ್ತೆ ಅಂತ ತಿಳಿದುಕೊಂಡರೆ ಇದು ಯಾಕೆ ಅಪಾಯ ಅಂತ ಸುಲಭವಾಗಿ ಗೊತ್ತಾಗುತ್ತೆ. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಒಂದು ವಾಲ್ವ್ ಪೆಟ್ರೋಲ್-ಗಾಳಿ ಒಳಗೆ ಬಿಡುತ್ತೆ, ಇನ್ನೊಂದು ಸುಟ್ಟ ಹೊಗೆ ಹೊರಗೆ ಬಿಡುತ್ತೆ. ಹೊಗೆ ಬಿಡೋದೇ ಎಕ್ಸಾಸ್ಟ್ ವಾಲ್ವ್. ರಾಕರ್ ಅನ್ನೋ ಸಣ್ಣ ತೋಳು ಅದನ್ನು ಒತ್ತಿ ತೆರೆಯುತ್ತೆ, ಸ್ಪ್ರಿಂಗ್ ಎಳೆದು ಮುಚ್ಚುತ್ತೆ. ವಾಲ್ವ್ ಮುಚ್ಚಿದಾಗ ರಾಕರಿನ ಸ್ಕ್ರೂ ತುದಿಗೂ ವಾಲ್ವ್ ಕಡ್ಡಿಯ ತುದಿಗೂ ಮಧ್ಯೆ ತಲೆಗೂದಲಿನ ದಪ್ಪದಷ್ಟು ಸಂದು ಇರಲೇಬೇಕು. ನಮ್ಮ ಕಡೆ ಓಡುವ ಬಹಳಷ್ಟು ಸಣ್ಣ ಬೈಕುಗಳಲ್ಲಿ ಇದು ಸುಮಾರು 0.05 ರಿಂದ 0.12 ಮಿ.ಮೀ. ಒಳಗೆ ಇರುತ್ತೆ. ಎಕ್ಸಾಸ್ಟ್ ಕಡೆ ಸಾಮಾನ್ಯವಾಗಿ ಇನ್‌ಲೆಟ್‌ಗಿಂತ ಸ್ವಲ್ಪ ಜಾಸ್ತಿ, ಯಾಕೆಂದರೆ ಆ ವಾಲ್ವ್ ಜಾಸ್ತಿ ಕಾಯುತ್ತೆ, ಕಾದಾಗ ಉದ್ದ ಆಗುತ್ತೆ. ನಿಮ್ಮ ಬೈಕಿನ ಸರಿಯಾದ ಅಳತೆ ಅದರ ಸರ್ವಿಸ್ ಪುಸ್ತಕದಲ್ಲಿರುತ್ತೆ. ಪಕ್ಕದವರ ಬೈಕಿನ ಅಳತೆ ನಿಮ್ಮದಕ್ಕೆ ಬರಲ್ಲ.

ಈ ಸಂದಿನಿಂದಲೇ ಆ ಸಣ್ಣ ಟಕ್ ಟಕ್ ಸದ್ದು ಬರೋದು. ಸಂದು ಮುಚ್ಚಿಬಿಟ್ಟರೆ ಸದ್ದು ಹೋಗುತ್ತೆ ನಿಜ. ಆದರೆ ಎಂಜಿನ್ ಕಾದ ಮೇಲೆ ವಾಲ್ವ್ ಉದ್ದವಾಗಿ ತನ್ನ ಸೀಟಿನ (ಮುಚ್ಚಿದಾಗ ಕೂರುವ ಉಂಗುರದ) ಮೇಲೆ ಪೂರ್ತಿ ಕೂರೋದೇ ಇಲ್ಲ. ಎಕ್ಸಾಸ್ಟ್ ವಾಲ್ವಿಗೆ ತಂಪಾಗೋಕೆ ಇರುವ ಮುಖ್ಯ ದಾರಿ ಆ ಸೀಟು. ಸೀಟಿಗೆ ಅಂಟಿ ಕೂತ ಕ್ಷಣದಲ್ಲಿ ತನ್ನ ಬಿಸಿಯ ಬಹುಪಾಲನ್ನು ಅದು ಹೆಡ್ಡಿಗೆ ಬಿಟ್ಟುಕೊಡುತ್ತೆ. ಎಂಜಿನ್ 6000 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತೆ. ಪ್ರತಿ ಸಲವೂ ಅಷ್ಟು ಸ್ವಲ್ಪ ಹೊತ್ತಿನಲ್ಲೇ ಬಿಸಿ ಇಳಿಸಬೇಕು. ಪೂರ್ತಿ ಕೂರದಿದ್ದರೆ ಬಿಸಿ ಇಳಿಯಲ್ಲ. ಸಾಲದ್ದಕ್ಕೆ ಉರಿಯುತ್ತಿರುವ ಗ್ಯಾಸ್ ಆ ಸಂದಿಯಲ್ಲಿ ನುಗ್ಗಿ ವಾಲ್ವಿನ ಅಂಚನ್ನೇ ಸುಡುತ್ತೆ. ಒಮ್ಮೆ ಅಂಚು ಸುಟ್ಟರೆ ಸೋರಿಕೆ ಹೆಚ್ಚುತ್ತೆ, ಸೋರಿಕೆ ಹೆಚ್ಚಿದಷ್ಟೂ ಇನ್ನೂ ಬೇಗ ಸುಡುತ್ತೆ.

ಟೈಟ್ ಮಾಡಿದರೆ ವಾಲ್ವ್ ಕೂದಲೆಳೆಯಷ್ಟು ಬೇಗ ತೆರೆದು ತಡವಾಗಿ ಮುಚ್ಚುತ್ತೆ, ಹೊಗೆ ಚೆನ್ನಾಗಿ ಹೋಗುತ್ತೆ, ಅದಕ್ಕೇ ಪಿಕಪ್ ಬರುತ್ತೆ ಅಂತ ಕೆಲವರು ವಾದ ಮಾಡುತ್ತಾರೆ. ತೆರೆಯೋ ಹೊತ್ತು ಬದಲಾಗೋದು ನಿಜ. ಅದರಿಂದ ಲಾಭ ಬರುತ್ತೆ ಅನ್ನೋದು ಸುಳ್ಳು. ಯಾವ ಹೊತ್ತಿಗೆ ತೆರೆಯಬೇಕು ಅಂತ ಕ್ಯಾಮ್ (ರಾಕರನ್ನು ನೂಕುವ ಭಾಗ) ಮಾಡಿದವರು ಆ ಸಂದನ್ನೂ ಲೆಕ್ಕಕ್ಕೆ ಹಿಡಿದೇ ಮಾಡಿರುತ್ತಾರೆ. ಟ್ಯಾಪೆಟ್ ಸ್ಕ್ರೂ ಇರೋದು ಸವೆತದಿಂದ ತಪ್ಪಿದ ಸಂದನ್ನು ಮತ್ತೆ ಸರಿ ಮಾಡೋಕೆ. ಶಕ್ತಿ ಹೆಚ್ಚಿಸೋ ತಿರುಪು ಅದಲ್ಲ.

ನನ್ನ ಬೈಕ್ ಮೊದಲು ಕೊಟ್ಟ ಸೂಚನೆ ಏನಂದ್ರೆ, ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತಿತ್ತು, ಓಡಿಸಿ ನಿಲ್ಲಿಸಿದ ಮೇಲೆ ಬಿಸಿಯಲ್ಲಿ ಆಗುತ್ತಿರಲಿಲ್ಲ. ಆಮೇಲೆ ಸ್ಲೋನಲ್ಲಿ ನಿಲ್ಲದೆ ಆಫ್ ಆಗತೊಡಗಿತು. ಸೈಲೆನ್ಸರ್‌ನಲ್ಲಿ ಪಟ್ ಪಟ್ ಅಂತ ಮಿಸ್ಸಿಂಗ್. ಮೈಲೇಜ್ 40ರ ಹತ್ತಿರಕ್ಕೆ ಇಳಿಯಿತು. ಗ್ಯಾರೇಜಿಗೆ ಹೋಗಿ ಹೇಳಿದರೆ ಪೆಟ್ರೋಲ್ ಸರಿ ಇಲ್ಲ ಅಂದರು, ಪ್ಲಗ್ ಬದಲಾಯಿಸಿದರು. ಟ್ಯಾಪೆಟ್ ಕಡೆ ಯಾರೂ ನೋಡಲೇ ಇಲ್ಲ. ಪ್ಲಗ್ಗಿನ ದುಡ್ಡು ಮಾತ್ರ ತೆಗೆದುಕೊಂಡರು.

ಮೇ ತಿಂಗಳ ಬಿಸಿಲಲ್ಲಿ ಅವ್ವನನ್ನು ಹಿಂದೆ ಕೂರಿಸಿಕೊಂಡು ಮಾನ್ವಿಗೆ ಹೊರಟಿದ್ದೆ. ಪೋತ್ನಾಳ ಹತ್ತಿರ ಭತ್ತದ ಲಾರಿ ಒಂದನ್ನು ದಾಟೋಕೆ ಎಕ್ಸಲೇಟರ್ ಕೊಟ್ಟೆ. ಬೈಕ್ ಮುಂದಕ್ಕೆ ಹೋಗೋ ಬದಲು ಅಲ್ಲೇ ಬಸವಳಿಯಿತು. ಲಾರಿಯ ಪಕ್ಕದಲ್ಲಿ, ಎದುರಿಂದ ಬಸ್ಸು. ಹೇಗೋ ಹಿಂದೆ ಸರಿದು ರಸ್ತೆ ಪಕ್ಕಕ್ಕೆ ತಂದೆ. ಎಂಜಿನ್ ಆಫ್. ಕಿಕ್ ಹೊಡೆದರೆ ಕಾಲಿಗೆ ತಡೆಯೇ ಇಲ್ಲ, ಕಿಕ್ಕರ್ ಬಿಡುಬೀಸಾಗಿ ಕೆಳಗೆ ಹೋಗುತ್ತಿತ್ತು. ಸೈಲೆನ್ಸರ್ ಒಳಗಿಂದ ಸುಸ್ ಅಂತ ಗಾಳಿ ಹೋಗೋ ಸದ್ದು. ಅರವತ್ತು ದಾಟಿದ ಅವ್ವ ಆ ಬಿಸಿಲಲ್ಲಿ ಜಾಲಿ ಮರದ ಕೆಳಗೆ ಕೂತಿದ್ದಳು. ಒಬ್ಬ ಟಂಟಂ ಡ್ರೈವರ್ ನಿಲ್ಲಿಸಿ ಅವ್ವನನ್ನು ಮಾನ್ವಿಗೆ ಮುಟ್ಟಿಸಿದ, ದುಡ್ಡು ಕೊಟ್ಟರೂ ತೆಗೆದುಕೊಳ್ಳಲಿಲ್ಲ. ಮೈಲೇಜ್ ಹೋದರೆ ದುಡ್ಡು ಹೋಗುತ್ತೆ, ಸಂಪಾದಿಸಬಹುದು. ಲಾರಿ ದಾಟುವಾಗ ಎಂಜಿನ್ ಕೈಕೊಟ್ಟರೆ ಏನು ಹೋಗುತ್ತೆ ಅಂತ ಆ ಟ್ಯಾಪೆಟ್ ತಿರುಗಿಸುವವರು ಯೋಚನೆ ಮಾಡಬೇಕು.

ಬೈಕನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ರಾಯಚೂರಿನ ಒಬ್ಬ ಹಿರಿಯ ಮಿಸ್ತ್ರಿ ಹತ್ತಿರ ಒಯ್ದೆ. ಅವರು ಹೆಡ್ ಬಿಚ್ಚಿ ಬೆಂಚಿನ ಮೇಲೆ ಇಟ್ಟರು. ಎರಡೂ ವಾಲ್ವ್ ಮುಚ್ಚಿದ್ದವು. ಮೊದಲು ಇನ್‌ಲೆಟ್ ದಾರಿಯಲ್ಲಿ ಸ್ವಲ್ಪ ಪೆಟ್ರೋಲ್ ಹೊಯ್ದರು. ಹಾಗೇ ನಿಂತಿತು, ಒಂದು ಹನಿಯೂ ಒಳಗೆ ಇಳಿಯಲಿಲ್ಲ. ಆಮೇಲೆ ಎಕ್ಸಾಸ್ಟ್ ದಾರಿಯಲ್ಲಿ ಹೊಯ್ದರು. ಹೊಯ್ಯುತ್ತಿದ್ದ ಹಾಗೇ ವಾಲ್ವಿನ ಸುತ್ತ ಒದ್ದೆಯಾಯಿತು, ತೊಟತೊಟ ಸೋರಿತು. ವಾಲ್ವ್ ಹೊರತೆಗೆದು ಕೈಗೆ ಕೊಟ್ಟರು. ಅಂಚಿನ ಒಂದು ಕಡೆ ಉಗುರು ಸಿಕ್ಕಿಕೊಳ್ಳುವಷ್ಟು ತಿಂದು ಹೋಗಿತ್ತು. ಬೇರೆಲ್ಲ ಕಂದು ಬಣ್ಣ, ಆ ಜಾಗ ಮಾತ್ರ ಬೂದಿಯಂತೆ ಬಿಳುಪು.

"ತಮ್ಮಾ, ಟ್ಯಾಪೆಟ್ ಸಣ್ಣಗ ಸದ್ದು ಮಾಡಬೇಕು. ಸದ್ದು ಮಾಡೋ ಟ್ಯಾಪೆಟ್ಟಿಗೆ ಅಂಜಬ್ಯಾಡ. ಒಮ್ಮಿಗೇ ಸುಮ್ಮನಾದ ಟ್ಯಾಪೆಟ್ಟಿಗೆ ಅಂಜು," ಅಂದರು. ಹೊಸ ವಾಲ್ವ್, ಸೀಟ್ ಕಟಿಂಗ್, ಪೇಸ್ಟ್ ಹಚ್ಚಿ ಗ್ರೈಂಡಿಂಗ್, ವಾಲ್ವ್ ಸೀಲ್, ಹೆಡ್ ಗ್ಯಾಸ್ಕೆಟ್, ಆಯಿಲ್, ಕೂಲಿ ಎಲ್ಲ ಸೇರಿ 5000 ರೂಪಾಯಿ ಹತ್ತಿರ ಆಯಿತು. ಟ್ಯಾಪೆಟ್ ಸರಿಯಾಗಿ ನೋಡಿಸೋಕೆ ಇದರ ಸಣ್ಣ ಪಾಲೂ ಆಗಲ್ಲ.

ಬಿಎಸ್6 ಬೈಕ್ ಇರೋರು ಇನ್ನೂ ಹುಷಾರಾಗಿರಬೇಕು. 2020ರ ಏಪ್ರಿಲ್ ನಂತರ ಬಂದ ಬೈಕುಗಳ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತೆ. ಮಿಸ್ಸಿಂಗ್ ಆಗಿ ಸುಡದ ಪೆಟ್ರೋಲ್ ಅಲ್ಲಿಗೆ ಹೋದರೆ ಅದು ವಿಪರೀತ ಕಾದು ಹಾಳಾಗುತ್ತೆ. ಆಗ ವಾಲ್ವಿನ ಖರ್ಚಿನ ಜೊತೆ ಅದರ ಖರ್ಚೂ ತಲೆ ಮೇಲೆ.

ಹಾಗಂತ ಟ್ಯಾಪೆಟ್ ಮುಟ್ಟಿಸಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಓಡುತ್ತಾ ಓಡುತ್ತಾ ಸೀಟು ಸವೆದು ವಾಲ್ವ್ ಒಳಕ್ಕೆ ಕೂತಂತೆ ಎಕ್ಸಾಸ್ಟ್ ಸಂದು ತಾನಾಗೇ ಕಡಿಮೆ ಆಗಬಹುದು, ಸದ್ದೇ ಮಾಡದೆ. ಅದಕ್ಕೇ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗೆ ತಪ್ಪದೆ ನೋಡಿಸಬೇಕು. ನೋಡಿಸೋದು ಹೇಗೆ ಅನ್ನೋದೇ ಮುಖ್ಯ.

ಎಂಜಿನ್ ಪೂರ್ತಿ ತಣ್ಣಗಿರಬೇಕು. ಪುಸ್ತಕದಲ್ಲಿರೋ ಅಳತೆ ತಣ್ಣಗಿನ ಎಂಜಿನ್ನಿಗೆ ಹೇಳಿದ್ದು. ತಣ್ಣಗೆ ಅಂದರೆ 35 ಡಿಗ್ರಿಗಿಂತ ಕಡಿಮೆ ಅಂತ ಕೆಲವು ಕಂಪನಿಗಳು ಸ್ಪಷ್ಟವಾಗೇ ಬರೆದಿರುತ್ತವೆ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಬೇಸಿಗೆ ಮಧ್ಯಾಹ್ನ ನೆರಳಲ್ಲೇ 40 ದಾಟುತ್ತೆ, ಅಲ್ವಾ? ಓಡಿಸಿಕೊಂಡು ಹೋಗಿ ಅರ್ಧ ಗಂಟೆ ನಿಲ್ಲಿಸಿದರೆ ಏನೂ ಸಾಲದು. ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟು, ಬೆಳಗ್ಗೆ ಅಂಗಡಿ ತೆಗೆದ ಕೂಡಲೇ ಮೊದಲ ಕೆಲಸ ಇದೇ ಮಾಡಿ ಅಂತ ಹೇಳಿ. ಎದುರಿಗೆ ನಿಂತು ನೋಡಿ.

ಮೆಕ್ಯಾನಿಕ್ ಕೈಯಲ್ಲಿ ಫಿಲ್ಲರ್ ಗೇಜ್ ಇದೆಯಾ ನೋಡಿ. ತೆಳುವಾದ ಉಕ್ಕಿನ ಪಟ್ಟಿಗಳ ಗೊಂಚಲು, ಪ್ರತಿ ಪಟ್ಟಿ ಮೇಲೆ ಅದರ ದಪ್ಪ ಬರೆದಿರುತ್ತೆ. ಅದಿಲ್ಲದಿದ್ದರೆ ಬೈಕ್ ವಾಪಸ್ ತನ್ನಿ. ಮ್ಯಾಗ್ನೆಟ್ (ಎಂಜಿನ್ ಪಕ್ಕದ ಚಕ್ರ) ತಿರುಗಿಸಿ, ಪಿಸ್ಟನ್ ತುದಿಗೆ ಬಂದಿದೆ ಅಂತ ತೋರಿಸೋ 'ಟಿ' ಗುರುತು ಸೇರಿಸಿದ ಮೇಲೆ ಎರಡೂ ರಾಕರ್ ಕೈಯಲ್ಲಿ ಸ್ವಲ್ಪ ಅಲ್ಲಾಡಬೇಕು. ಅಲ್ಲಾಡದಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ನೋಡಬೇಕು. ಗುರುತು ಸೇರಿದರೂ ಪಿಸ್ಟನ್ ಬೇರೆ ಸ್ಟ್ರೋಕಿನಲ್ಲಿದ್ದರೆ ಅಳತೆ ಪೂರ್ತಿ ತಪ್ಪುತ್ತೆ. ಸರಿಯಾದ ಪಟ್ಟಿ ಸಂದಿಯಲ್ಲಿ ಹಾಕಿ ಎಳೆದರೆ ಸಣ್ಣಗೆ ಹಿಡಿದಂತೆ ಆಗಿ ಬರಬೇಕು. ಇಲ್ಲಿ ಬಹಳ ಜನ ಬಿಟ್ಟುಬಿಡೋ ಒಂದು ಹೆಜ್ಜೆ ಇದೆ: ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಕೂಡ ಒಂದಿಷ್ಟು ತಿರುಗಿಬಿಡುತ್ತೆ. ಅದಕ್ಕೆ ನಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಪಟ್ಟಿ ಹಾಕಿ ನೋಡಲೇಬೇಕು. ನೋಡದೇ ಕವರ್ ಮುಚ್ಚೋಕೆ ಹೋದರೆ ನೀವೇ ಕೇಳಿ.

ಎಲ್ಲ ಬೈಕಿನಲ್ಲೂ ಈ ಸ್ಕ್ರೂ ಇರಲ್ಲ. ಡ್ಯೂಕ್ 390 ತರದ ಬೈಕಿನಲ್ಲಿ ಶಿಮ್ ಅನ್ನೋ ತೆಳು ಬಿಲ್ಲೆ ಬದಲಾಯಿಸಬೇಕು. ರಾಯಲ್ ಎನ್‌ಫೀಲ್ಡ್‌ನ ಹಿಂದಿನ ಯುಸಿಇ ಎಂಜಿನ್‌ಗಳಲ್ಲಿ ಆಯಿಲ್ ಒತ್ತಡದಿಂದ ತಾನೇ ಹೊಂದಿಕೊಳ್ಳೋ ಹೈಡ್ರಾಲಿಕ್ ಟ್ಯಾಪೆಟ್, ಅದರಲ್ಲಿ ಸಂದು ಕೂರಿಸೋ ಕೆಲಸವೇ ಇಲ್ಲ. ಅಂಥ ಬೈಕಿಗೂ ಟ್ಯಾಪೆಟ್ ಟೈಟ್ ಮಾಡ್ತೀನಿ ಅಂದರೆ ಅವರಿಗೆ ಆ ಎಂಜಿನ್ ಗೊತ್ತಿಲ್ಲ ಅಂತ ತಿಳಿಯಿರಿ.

ಮೈಲೇಜ್ ಬೇಕು ಅಂದರೆ ಮೊದಲು ಏರ್ ಫಿಲ್ಟರ್ ನೋಡಿಸಿ. ಭತ್ತದ ಕಟಾವಿನ ಕಾಲದಲ್ಲಿ ನಮ್ಮ ರಸ್ತೆಗಳ ಧೂಳು ಅದನ್ನು ಬೇಗ ಮುಚ್ಚಿಬಿಡುತ್ತೆ. ಟೈರಿನ ಗಾಳಿ, ಚೈನಿನ ಬಿಗಿ, ಹಿಂದಿನ ಬ್ರೇಕ್ ಹಿಡಿದುಕೊಂಡೇ ಇದೆಯಾ ಅನ್ನೋದು, ಇವಿಷ್ಟೇ ಸಾಕು.

ಈಗಾಗಲೇ ಯಾರಾದರೂ ನಿಮ್ಮ ಬೈಕಿನ ಟ್ಯಾಪೆಟ್ ಸದ್ದು ಪೂರ್ತಿ ತೆಗೆದುಕೊಟ್ಟಿದ್ದರೆ, ಬಿಸಿಯಲ್ಲಿ ಸ್ಟಾರ್ಟ್ ಆಗೋಕೆ ಹಟ ಮಾಡುತ್ತಿದ್ದರೆ, ಇನ್ನು ಓಡಿಸಬೇಡಿ. ಬೇಗ ಸಿಕ್ಕಿದರೆ ಸಂದು ಸರಿ ಮಾಡಿಸಿದರೇ ಸಾಕಾಗಬಹುದು. ತಡವಾಗಿ ಹೆಡ್ ಬಿಚ್ಚಲೇಬೇಕಾಗಿ ಬಂದರೆ ಹಳೇ ವಾಲ್ವ್ ಕೇಳಿ ಪಡೆದು ಅಂಚು ನೀವೇ ನೋಡಿ. ಹೊಸ ವಾಲ್ವ್ ಕೂರಿಸಿದ ಮೇಲೆ ಅದು ಸೀಟಿಗೆ ಹೊಂದಿಕೊಳ್ಳುತ್ತಾ ಸಂದು ಮತ್ತೆ ಕಡಿಮೆ ಆಗಬಹುದು. ಆದ್ದರಿಂದ 500 ರಿಂದ 1000 ಕಿ.ಮೀ. ಓಡಿದ ನಂತರ ಇನ್ನೊಮ್ಮೆ, ಬೆಳಗ್ಗೆ ತಣ್ಣಗಿರುವಾಗ, ಗೇಜ್ ಹಾಕಿ ನೋಡಿಸಿ.