ಕಾರವಾರದ ಶ್ರವಣಯಂತ್ರದ ಅಂಗಡಿ: ಒಳಕೋಣೆಗೆ ಐದಕ್ಕೆ ಐದು, ಹೊರಕಿಟಕಿಗೆ ಎರಡು

ಕಳೆದ ತಿಂಗಳು ಅಪ್ಪಯ್ಯನ ಮೊಬೈಲಿಗೆ ಒಂದೇ ಸಂಖ್ಯೆಯಿಂದ ಮೂರು ಸಲ ಕರೆ ಬಂತು. ಮೂರು ಸಲವೂ ಅವರು "ಸಾಲ ಬೇಡ" ಎಂದು ಹೇಳಿ ಇಟ್ಟುಬಿಟ್ಟರು. ವಿಚಾರಿಸಿದರೆ ಅದು ಕಾರವಾರದ ಶ್ರವಣಯಂತ್ರದ ಅಂಗಡಿಯದು; ತಪಾಸಣೆಯ ದಿನ ನೆನಪಿಸಲು ಮಾಡಿದ ಕರೆಯಂತೆ. ಕಿವಿ ಕೇಳದವರಿಗೆ ಫೋನಿನಲ್ಲೇ ನೆನಪಿಸುವ ಅಂಗಡಿಯ ಬಗ್ಗೆ ಬರೆಯದೆ ಇರುವುದು ಹೇಗೆ? ಹೆಸರು ಮಾತ್ರ ಹಾಕುವುದಿಲ್ಲ. ಯಂತ್ರ ಚೆನ್ನಾಗಿದೆ, ಜಗಳ ನನಗೆ ಬೇಕಿಲ್ಲ.

ಅಪ್ಪಯ್ಯನಿಗೆ 76. ತಾಳಮದ್ದಳೆಯಲ್ಲಿ ಮೂವತ್ತು ವರ್ಷ ಅರ್ಥ ಹೇಳಿದವರು. ಎರಡು ವರ್ಷದ ಹಿಂದೆ ಕೃಷ್ಣನಾಗಿ ಕೂತಿದ್ದಾಗ ಕೌರವ ಕೇಳಿದ್ದು ಒಂದು, ಇವರು ಕೊಟ್ಟ ಉತ್ತರ ಇನ್ನೊಂದು. ಸಭೆ ನಕ್ಕಿತು. ಅಂದಿನಿಂದ ಕೂತಿಲ್ಲ. "ಕೇಳುತ್ತದೆ ತಮಾ, ಏನು ಹೇಳಿದರು ಎಂಬುದು ತಿಳಿಯುವುದಿಲ್ಲ" ಎನ್ನುತ್ತಿದ್ದರು. ನಾವು ಅದನ್ನು ನೆಪ ಎಂದುಕೊಂಡಿದ್ದೆವು.

ಅಂಕೋಲಾದಿಂದ ಬಸ್ಸಿನಲ್ಲಿ ಹೋದೆವು. ಅಂಗಡಿ ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಹೆಸರು ಬರೆಸುವ ಕಿಟಕಿಗೆ ಗಾಜು, ಗಾಜಿನ ಹಿಂದೆ ಮಾಸ್ಕ್ ಹಾಕಿದ ಮುಖ, ತಲೆಯ ಮೇಲೆ ಟಿವಿ, ರಸ್ತೆಯಿಂದ ಹಾರ್ನು. ಅವರು ಮೊದಲು ಕೊಂಕಣಿಯಲ್ಲಿ ಕೇಳಿದರು (ಕಾರವಾರದಲ್ಲಿ ಅದು ಸಹಜವೇ), ಆಮೇಲೆ ಕನ್ನಡದಲ್ಲಿ, ಆಮೇಲೆ ಕೂಗಿ. ಅಪ್ಪಯ್ಯ ಅರ್ಧ ಮಾತನ್ನು ತುಟಿ ನೋಡಿಯೇ ಹಿಡಿಯುವವರು. ತುಟಿಯೇ ಮುಚ್ಚಿದ್ದರೆ ಏನು ಮಾಡಿಯಾರು? ಕೊನೆಗೆ ಕಿಟಕಿಯವರು ನನ್ನ ಕಡೆ ತಿರುಗಿ "ಇವರಿಗೆ ಸಕ್ಕರೆ ಕಾಯಿಲೆ ಇದೆಯಾ?" ಎಂದರು. ಅಪ್ಪಯ್ಯ ಎದುರಿಗೇ ನಿಂತಿದ್ದರು. ಪ್ರಶ್ನೆ ಅವರಿಗೆ ಕೇಳಿಸಲಿಲ್ಲ. ತಮ್ಮನ್ನು ಬಿಟ್ಟು ಮಾತಾಡುತ್ತಿದ್ದಾರೆ ಎಂಬುದು ಮಾತ್ರ ಚೆನ್ನಾಗಿ ತಿಳಿಯಿತು.

ಒಳಗಿನದು ಬೇರೆಯೇ ಲೋಕ. ಅಲ್ಲಿನ ಆಡಿಯಾಲಜಿಸ್ಟ್, ಅಂದರೆ ಕೇಳುವ ಶಕ್ತಿ ಪರೀಕ್ಷಿಸುವವರು, ಚಿಕ್ಕ ವಯಸ್ಸಿನವರು. ಮೇಜಿನಾಚೆಯಿಂದ ಎದ್ದು ಬಂದು, ಅಪ್ಪಯ್ಯನ ಮುಂದೆ ಮೊಣಕಾಲು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡರು. ಮಾಸ್ಕ್ ಇಳಿಸಿದರು. ದನಿ ಏರಿಸಲಿಲ್ಲ. ಸದ್ದು ನುಗ್ಗದ ಕೋಣೆಯಲ್ಲಿ ಪರೀಕ್ಷೆ ಮುಗಿಸಿ, ನಕ್ಷೆಯನ್ನು ನನಗಲ್ಲ, ಅಪ್ಪಯ್ಯನಿಗೆ ತೋರಿಸಿದರು: ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಕತ್ತರಿ ಗುರುತು. ಗೆರೆ ಇಳಿದಷ್ಟೂ ಕೇಳುವುದು ಕಡಿಮೆ. ಅದು 1000 ಹರ್ಟ್ಸ್‌ವರೆಗೆ (ಸೆಕೆಂಡಿಗೆ ಅಷ್ಟು ಕಂಪನ) ಹೇಗೋ ಬಂದು, 2000 ದಾಟಿದ ಕೂಡಲೇ ಅರೆಬೈಲು ಘಟ್ಟ ಇಳಿದ ಹಾಗೆ ಇಳಿದಿತ್ತು. ಸ್ವರಗಳ ಬಲವೆಲ್ಲ ಕಡಿಮೆ ಹರ್ಟ್ಸಿನ ಕಂಪನಗಳಲ್ಲಿದೆ; ಸ, ಶ, ತ, ಕ ಇಂಥವುಗಳ ಗುರುತು ಹೆಚ್ಚು ಹರ್ಟ್ಸಿನವುಗಳಲ್ಲಿ. ಹೀಗಾಗಿ ಮದ್ದಳೆ ಕೇಳುತ್ತದೆ, "ಹಾಸು" ಎಂದರೆ ಸಕಾರ ಬಿಟ್ಟು ಉಳಿದದ್ದು ಬರುತ್ತದೆ. ಕೂಗಿದರೆ ಸ್ವರ ದೊಡ್ಡದಾಗುತ್ತದೆ, ವ್ಯಂಜನ ಬಿಡಿಸಿ ಕೇಳುವುದಿಲ್ಲ. ಮಿಕ್ಸರ್ ಓಡುತ್ತಿರುವಾಗ ಅಡುಗೆಮನೆಯಿಂದ ಇಷ್ಟು ವರ್ಷ ಗಂಟಲು ಹರಿದುಕೊಂಡದ್ದು ದಂಡ.

ಕಿವಿಯ ಹಿಂದೆ ಕೂರುವ ಯಂತ್ರ, ಒಂದು ಕಿವಿಗೆ 26,000 ರೂಪಾಯಿ. ಬ್ಯಾಟರಿ 13ನೇ ನಂಬರಿನದು. ಅದರ ಕಿತ್ತಳೆ ಪಟ್ಟಿ ಕಿತ್ತು, ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು. ಗಾಳಿಯಿಂದಲೇ ಅದಕ್ಕೆ ಜೀವ. ಪಟ್ಟಿ ಕಿತ್ತ ಮೇಲೆ ಬಳಸಿದರೂ ಬಿಟ್ಟರೂ ಸವೆಯುತ್ತದೆ. ಇದನ್ನು ಯಾರೂ ಹೇಳಲಿಲ್ಲ. ಅನುಕೂಲವಾಗಲೆಂದು ನಾನು ಆರೂ ಪಟ್ಟಿಗಳನ್ನು ಮೊದಲ ದಿನವೇ ಕಿತ್ತು ಡಬ್ಬಿಯಲ್ಲಿಟ್ಟಿದ್ದೆ. ಕೈಪಿಡಿಯಲ್ಲಿ ಇತ್ತಂತೆ, ಇಂಗ್ಲಿಷ್, ಸಾಸಿವೆ ಗಾತ್ರದ ಅಕ್ಷರ. ನಮ್ಮ ಮಳೆಗಾಲದ ತೇವಕ್ಕೆ ರಾತ್ರಿ ಯಂತ್ರವನ್ನು ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಯಲ್ಲಿಡಬೇಕೆಂಬುದನ್ನೂ ಎರಡನೇ ಭೇಟಿಯಲ್ಲೇ ಕೇಳಿ ತಿಳಿದದ್ದು.

ಮೊದಲ ದಿನ ವಾಪಸಾಗುವಾಗ ಬಸ್ಸಿನಲ್ಲಿ ಅಪ್ಪಯ್ಯ ಯಂತ್ರವನ್ನು ಕಿತ್ತು ಕಿಸೆಗೆ ಹಾಕಿದರು. ಎಂಜಿನ್ನಿನ ಸದ್ದೂ ಏರುತ್ತದೆ. ಮನೆಯಲ್ಲಿ ಮತ್ತೆ ಹಾಕಿಕೊಂಡು ಪೇಪರ್ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಆಮೇಲೆ ಆಯಿಗೆ, "ನಿನ್ನ ಚಪ್ಪಲಿ ಯಾವಾಗಿನಿಂದ ಇಷ್ಟು ಸದ್ದು ಮಾಡುತ್ತದೆ?" ಎಂದು ಗದರಿದರು.

ಹೋಗುವವರು ಬೆಳಿಗ್ಗೆಯೇ ಹೋಗಿ, ಆಗ ಟಿವಿ ಹಚ್ಚಿರುವುದಿಲ್ಲ. ಫೋನ್ ಸಂಖ್ಯೆ ಬರೆಸುವಾಗ ಮನೆಯಲ್ಲಿ ಕಿವಿ ಕೇಳುವವರದ್ದು ಬರೆಸಿ.