ಕಡಿಮೆ ಸಕ್ಕರೆಯ ಐಸ್‌ಕ್ರೀಂ: ಬಹುಕಾಲ ತಿಂದು ನೋಡಿದ ಮೇಲೆ

ಮಹಾನಗರದಲ್ಲಿ ಆಯ್ಕೆಗೇನೂ ಬರವಿಲ್ಲ. ಸೂಪರ್‌ಮಾರ್ಕೆಟ್ಟಿನ ಫ್ರೀಜರ್ ತೆರೆದರೆ ‘ಲೈಟ್’, ‘ಹೈ ಪ್ರೋಟೀನ್’, ‘ವೀಗನ್’, ‘ಸಕ್ಕರೆ ಸೇರಿಸಿಲ್ಲ’ ಅನ್ನುವ ಡಬ್ಬಗಳದ್ದೇ ಸಾಲು. ಮನೆಯಲ್ಲಿ ಸಕ್ಕರೆ ಕಡಿಮೆ ಮಾಡಲು ಹೊರಟಾಗಿನಿಂದ ಇವನ್ನು ಬದಲಿಸಿ ಬದಲಿಸಿ ತಿನ್ನುತ್ತಾ ಬಂದಿದ್ದೇನೆ. ಮೊದಲ ಚಮಚದ ರುಚಿ ಹೇಳುವ ವಿಮರ್ಶೆಗಳು ಬೇಕಾದಷ್ಟಿವೆ. ಅದೇ ಡಬ್ಬ ಎರಡನೇ ವಾರಕ್ಕೆ ಹೇಗಿರುತ್ತದೆ ಅನ್ನುವುದು ಅವುಗಳಲ್ಲಿ ಸಿಗುವುದಿಲ್ಲ.

ಕಲ್ಲಾಗಿರುತ್ತದೆ. ಐಸ್‌ಕ್ರೀಮಿನಲ್ಲಿ ಸಕ್ಕರೆ ಇರುವುದು ಬರೀ ಸಿಹಿಗಲ್ಲ, ನೀರು ಪೂರ್ತಿ ಹೆಪ್ಪುಗಟ್ಟದಂತೆ ತಡೆಯುವುದೂ ಅದೇ. ಅದನ್ನು ತೆಗೆದರೆ ಮೈನಸ್ 18 ಡಿಗ್ರಿಯ ಫ್ರೀಜರಿನಿಂದ ಬಂದ ಡಬ್ಬಕ್ಕೆ ಚಮಚ ಇಳಿಯುವುದಿಲ್ಲ. ಹತ್ತು ಹದಿನೈದು ನಿಮಿಷ ಹೊರಗಿಟ್ಟರೆ ಅಂಚು ಕರಗುತ್ತದೆ, ನಡುಭಾಗ ಜಗ್ಗುವುದಿಲ್ಲ. ಕರಗಿದ್ದು ಮತ್ತೆ ಹೆಪ್ಪುಗಟ್ಟುವಾಗ ಹರಳು ದೊಡ್ಡದಾಗುವುದರಿಂದ, ಮಾರನೆಯ ದಿನ ನಾಲಿಗೆಗೆ ಮರಳು ಸಿಕ್ಕಂತೆ. ಡೆಲಿವರಿಯವರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ತಂದ ಡಬ್ಬದ ಕಥೆಯೂ ಇಷ್ಟೇ, ಆದ್ದರಿಂದ ಇದೊಂದನ್ನು ಅಂಗಡಿಗೇ ಹೋಗಿ ಕೊನೆಯಲ್ಲಿ ಬುಟ್ಟಿಗೆ ಹಾಕಿಕೊಳ್ಳುವುದು ವಾಸಿ. ಸಕ್ಕರೆಯ ಬದಲಿಗೆ ಅಲ್ಯುಲೋಸ್ ಅನ್ನುವ ಕಡಿಮೆ ಕ್ಯಾಲೊರಿಯ ಸಿಹಿ ಹಾಕಿದವು ಇದ್ದುದರಲ್ಲಿ ಮೆತ್ತಗಿರುತ್ತವೆ, ಆದರೆ ಎಲ್ಲ ಕಡೆ ಸಿಗುವುದಿಲ್ಲ.

ಇನ್ನು ಸಕ್ಕರೆಯ ಬದಲಿಗೆ ಹಾಕುವ ಸಿಹಿಪದಾರ್ಥಗಳು, ಅವು ಹೊಟ್ಟೆಗೆ ಮಾಡುವುದರ ವಿಚಾರ. ಹೆಚ್ಚಾಗಿ ಕಾಣುವುದು ಎರಿಥ್ರಿಟಾಲ್, ಮಾಲ್ಟಿಟಾಲ್. ಎರಿಥ್ರಿಟಾಲ್‌ನಲ್ಲಿ ಕ್ಯಾಲೊರಿ ಇಲ್ಲವೆನ್ನುವಷ್ಟು ಕಡಿಮೆ, ಸಿಹಿ ಸಕ್ಕರೆಯ ಮುಕ್ಕಾಲಿಗೂ ಸ್ವಲ್ಪ ಕಮ್ಮಿ. ಕೊನೆಯಲ್ಲಿ ಬಾಯಲ್ಲೊಂದು ವಿಚಿತ್ರ ತಂಪು ಉಳಿಯುತ್ತದೆ. ಪುದೀನ ರುಚಿಗೆ ಅದು ಒಪ್ಪುತ್ತದೆ, ಕ್ಯಾರಮೆಲ್‌ಗೆ ಖಂಡಿತ ಇಲ್ಲ. ಮಾಲ್ಟಿಟಾಲ್ ಹಾಗಲ್ಲ: ರುಚಿ ಸಕ್ಕರೆಗೆ ತೀರ ಹತ್ತಿರ, ಆದರೆ ಗ್ರಾಂಗೆ ಸುಮಾರು 2 ಕ್ಯಾಲೊರಿ ಇದೆ, ರಕ್ತದ ಸಕ್ಕರೆಯನ್ನೂ ಒಂದಿಷ್ಟು ಏರಿಸುತ್ತದೆ. ‘ಶುಗರ್ ಫ್ರೀ’ ಅಂತ ನೆಚ್ಚಿಕೊಂಡು ಬಟ್ಟಲು ತುಂಬಿಸುವ ಮಧುಮೇಹಿಗಳು ಇದನ್ನು ಗಮನಿಸಬೇಕು. ಹೆಚ್ಚು ತಿಂದರೆ ಹೊಟ್ಟೆ ಗುಡುಗುಡು, ಮುಂದಿನದು ಹೇಳಬೇಕಾಗಿಲ್ಲ. ನಾರಿನಂಶಕ್ಕೆಂದು ಹಾಕುವ ಇನುಲಿನ್ ಅನ್ನುವ ಸಸ್ಯದ ನಾರಿನದು ಗ್ಯಾಸಿನ ಕಾಟ. (ಮನೆಯಲ್ಲಿ ನಾಯಿ ಇದ್ದರೆ ಕ್ಸೈಲಿಟಾಲ್ ಅನ್ನುವ ಇನ್ನೊಂದು ಬದಲಿ ಸಿಹಿ ಇರುವ ಡಬ್ಬ ತರಲೇಬೇಡಿ, ನಾಯಿಗೆ ಅದು ವಿಷ.) ತೂಕ ಇಳಿಸಲು ಸ್ಟೀವಿಯಾ, ಸುಕ್ರಲೋಸ್‌ನಂಥ ಬದಲಿ ಸಿಹಿಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿತು. ಎರಿಥ್ರಿಟಾಲ್, ಮಾಲ್ಟಿಟಾಲ್ ಆ ಸಲಹೆಯ ವ್ಯಾಪ್ತಿಗೆ ಬರುವುದಿಲ್ಲ.

ಲೇಬಲ್ಲಿನಲ್ಲಿ ನಾನು ಈಗ ಮೊದಲು ನೋಡುವುದು ತೂಕ. ಐಸ್‌ಕ್ರೀಮಿಗೆ ಗಾಳಿ ತುಂಬುತ್ತಾರೆ, ತುಂಬದಿದ್ದರೆ ತಿನ್ನಲೂ ಆಗುವುದಿಲ್ಲ. ಮಿಶ್ರಣದಷ್ಟೇ ಗಾಳಿ ಸೇರಿದರೆ 500 ಮಿಲಿ ಡಬ್ಬದಲ್ಲಿ ಇರುವ ಮಾಲು 275 ಗ್ರಾಂ ಆಸುಪಾಸು. ಗಾಳಿ ಕಡಿಮೆ ಇರುವ ದುಬಾರಿ ಐಸ್‌ಕ್ರೀಂ ಅದೇ ಅಳತೆಯ ಡಬ್ಬದಲ್ಲಿ 400 ಗ್ರಾಂ ದಾಟುತ್ತದೆ. 100 ಮಿಲಿಗೆ ಇಷ್ಟೇ ಕ್ಯಾಲೊರಿ ಎಂದು ಬೀಗುವ ಡಬ್ಬಗಳಲ್ಲಿ ಕೆಲವದರ ಗುಟ್ಟು ಇದೇ. 100 ಗ್ರಾಂಗೆ ಲೆಕ್ಕ ಹಾಕಿ ಹೋಲಿಸಿದರೆ ಅಂತರ ಸಾಕಷ್ಟು ಕುಗ್ಗುತ್ತದೆ.

ಬೇರೆ ಬಗೆಗಳನ್ನು ಬೇಗ ಮುಗಿಸುತ್ತೇನೆ. ಹಾಲು ಹಾಕದೆ ಹಣ್ಣಿನ ರಸ, ಸಕ್ಕರೆ ಹೆಪ್ಪುಗಟ್ಟಿಸಿ ಮಾಡುವ ಸಾರ್ಬೆಯಲ್ಲಿ ಕೊಬ್ಬಿಲ್ಲ ನಿಜ, ಆದರೆ ತೂಕದ ಕಾಲು ಭಾಗದಷ್ಟು ಸಕ್ಕರೆ ಇರುವುದು ಮಾಮೂಲು. 100 ಗ್ರಾಂ ತಿಂದರೆ 25 ಗ್ರಾಂ ಸಕ್ಕರೆ; ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ 50 ಗ್ರಾಂ ಮಿತಿಯ ಅರ್ಧ ಅಲ್ಲಿಗೇ ಸರಿಹೋಯಿತು. ತೆಂಗಿನ ಹಾಲಿನ ವೀಗನ್ ಐಸ್‌ಕ್ರೀಂ ರುಚಿಯಲ್ಲಿ ಎಲ್ಲಕ್ಕಿಂತ ಮೇಲು. ಹಾಲು ಒಗ್ಗದವರು ಧಾರಾಳವಾಗಿ ತರಲಿ, ಆದರೆ ಹಗುರವೆಂದು ತರಬಾರದು: ತೆಂಗಿನ ಕೊಬ್ಬಿನ ಬಹುಪಾಲು ಸ್ಯಾಚುರೇಟೆಡ್, ಅಂದರೆ ಮಿತವಾಗಿ ತಿನ್ನಬೇಕೆನ್ನುವ ಬಗೆಯ ಕೊಬ್ಬು. ಫ್ರೋಜನ್ ಯೋಗರ್ಟ್ (ಹೆಪ್ಪುಗಟ್ಟಿಸಿದ ಮೊಸರು) ಅಂಗಡಿಯಲ್ಲಿ ನಾವೇ ತುಂಬಿಕೊಂಡು ತೂಕಕ್ಕೆ ದುಡ್ಡು ಕೊಡುವ ವ್ಯವಸ್ಥೆ ಇರುತ್ತದಲ್ಲ, ಅಲ್ಲಿ ಮೊಸರಿನ ಹುಳಿ ಮುಚ್ಚಲು ಒಂದಿಷ್ಟು ಸಕ್ಕರೆ, ಅದರ ಮೇಲೆ ಚಾಕೊಲೇಟ್ ಚೂರು, ಸಾಸು. ಸಾದಾ ಹುಳಿಯದನ್ನು ಹಣ್ಣಿನ ಜೊತೆ ತೆಗೆದುಕೊಂಡರೆ ಮಾತ್ರ ಒಳ್ಳೆಯದು.

ಹೈ ಪ್ರೋಟೀನ್ ಡಬ್ಬವನ್ನು ಇನ್ನು ಕೊಳ್ಳುವುದಿಲ್ಲ. ಪುಡಿಪುಡಿ ರುಚಿ ಒಂದು ಕಾರಣ. ಇನ್ನೊಂದು, ‘ಇಡೀ ಡಬ್ಬಕ್ಕೆ ಇಷ್ಟೇ ಕ್ಯಾಲೊರಿ’ ಎಂದು ಮುಚ್ಚಳದ ಮೇಲೆ ಬರೆದಿದ್ದರೆ ನಮ್ಮ ಮನೆಯಲ್ಲಿ ಯಾರೂ ಅರ್ಧಕ್ಕೆ ನಿಲ್ಲಿಸುವುದಿಲ್ಲ. ಈಗ ಬರುತ್ತಿರುವುದು ಎರಡೇ: ಹಾಲು, ಕೆನೆ, ಸಕ್ಕರೆ ಎಂದು ಚಿಕ್ಕ ಪಟ್ಟಿಯಿರುವ ಮಾಮೂಲಿ ಐಸ್‌ಕ್ರೀಮಿನ ಸಣ್ಣ ಕಪ್ಪುಗಳು, ಮತ್ತು ಸಕ್ಕರೆ ಕಾಯಿಲೆ ಇರುವ ಮನೆಯ ಹಿರಿಯರಿಗೆ ಎರಿಥ್ರಿಟಾಲ್ ಹಾಕಿದ ಒಂದು ಪುಟ್ಟ ಡಬ್ಬ. ಕಳಿತ ಬಾಳೆಹಣ್ಣನ್ನು ಹೋಳು ಮಾಡಿ ಫ್ರೀಜರಿನಲ್ಲಿಟ್ಟು ಮಿಕ್ಸಿಗೆ ಹಾಕಿದರೆ ನುಣ್ಣಗೆ ಕ್ರೀಮಿನಂತಾಗುತ್ತದೆ, ಮಕ್ಕಳಿಗೆ ಅದು ಸಾಕು. ಮಿಕ್ಸಿ ಗಟ್ಟಿಯದಾಗಿರಲಿ, ಹೋಳುಗಳನ್ನು ಐದು ನಿಮಿಷ ಹೊರಗಿಟ್ಟು ಆಮೇಲೆ ಹಾಕಿ.